ಅಂಕೆಗಳ ಕೊರಳಹಾರ

ಒಂದು, ಎರಡು, ಮೂರು ಎಂದು ಎಣಿಸುವುದನ್ನು ನಾವೆಲ್ಲರೂ ಬಲ್ಲೆವು. ಹೀಗೆ ಎಣಿಸಿದ ಸಂಖ್ಯೆಗಳನ್ನು ನಡುವೆ ತೆರಪು ಬಿಡದೆ ಒಂದರ ಮಗ್ಗುಲಲ್ಲಿ ಇನ್ನೊಂದನ್ನು ಬರೆಯುತ್ತ ಹೋದರೆ ಏನಾಗುತ್ತದೆಂಬ ಪ್ರಶ್ನೆ ಮಾತ್ರ ಸಾಮಾನ್ಯವಾಗಿ ಯಾರ ತಲೆಗೂ ಬರುವುದಿಲ್ಲ. ಹೊಸದಾಗಿ ಅಂಕಿ ಕಲಿತ ಮಗು ಪಾಟಿಯ ಮೇಲೆ ಹಾಗೆ ಬರೆಯುವುದುಂಟು. ನಾವು ಅದನ್ನು ತಿದ್ದಿ, ಜಾಗ ಬಿಟ್ಟು ಬರೆಯೆಂದು ಹೇಳಿಕೊಡುತ್ತೇವೆ. ಆದರೆ ಮಗು ಬರೆದದ್ದನ್ನು ತಿದ್ದದೆ ಹಾಗೆಯೇ ಓದಿದರೆ ನಮ್ಮ ಮುಂದೆ ಒಂದು ವಿಚಿತ್ರ ಸಾಲು ನಿಲ್ಲುತ್ತದೆ: ಮೊದಲು 1, ಬಳಿಕ 12, ಬಳಿಕ 123, 1234, 12345. ಒಂಬತ್ತರ ವರೆಗೆ ಬಂದಾಗ ಹನ್ನೆರಡು ಕೋಟಿಯನ್ನು ಮೀರಿದ 123456789. ಹತ್ತನ್ನು ಸೇರಿಸಿದರೆ 12345678910. ಹೀಗೆ ಬೆಳೆಯುವ ಈ ಸಂಖ್ಯೆಗಳ ಒಳಗಣ ರಚನೆ ಎಂಥದು, ಅವುಗಳನ್ನು ಒಡೆದರೆ ಏನೇನು ದೊರೆಯುತ್ತದೆ ಎಂಬುದೇ ಈ ಹೊತ್ತಿನ ನನ್ನ ವಿಷಯ.

ಇದನ್ನು ಬಾನುಲಿಯಲ್ಲಿ ಹೇಳಲು ಒಪ್ಪಿಕೊಂಡಾಗ ನನಗಿದ್ದ ಅಳುಕು ಒಂದೇ: ಇಲ್ಲಿ ಕರಿಹಲಗೆಯಿಲ್ಲ. ಆದುದರಿಂದ ಕೇಳುವವರು ಒಂದು ಕಾಗದ, ಒಂದು ಪೆನ್ಸಿಲು ಹಿಡಿದು ಕೂಡುವುದು ಒಳ್ಳೆಯದು. ಇದಕ್ಕೆ ಬೇಕಾದ ವಿದ್ಯೆ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ಇಷ್ಟೇ.

ಅವಿಭಾಜ್ಯ ಸಂಖ್ಯೆಯೆಂದರೇನೆಂದು ನಮ್ಮ ಸೀಮೆಯವರಿಗೆ ತಿಳಿಸಲು ಶಹಾಬಾದಿನ ಫರಸಿಯೇ ಸಾಕು. ಕಲಬುರಗಿಯ ಮಗ್ಗುಲಲ್ಲಿರುವ, ನಾನು ವಾಸವಾಗಿರುವ ನಂದೂರದಲ್ಲಿ ಆ ಕಲ್ಲು ಹಾಸದ ಮನೆ ವಿರಳ. ಒಂದೇ ಅಳತೆಯ ಹನ್ನೆರಡು ಚೌಕ ಫರಸಿಗಳಿದ್ದರೆ ಅವನ್ನು ನಾಲ್ಕು ನಾಲ್ಕರಂತೆ ಮೂರು ಸಾಲಾಗಿಯೋ ಆರು ಆರರಂತೆ ಎರಡು ಸಾಲಾಗಿಯೋ ಹಾಸಿ ಪೂರ್ಣವಾದ ಆಯತವನ್ನು ಮಾಡಬಹುದು. ಹದಿಮೂರು ಫರಸಿಗಳಿದ್ದರೆ? ಎಷ್ಟು ಹೊಂದಿಸಿದರೂ ಒಂದು ಕಲ್ಲು ಮಿಗುತ್ತದೆ, ಇಲ್ಲವೆ ಸಾಲದೆ ಬರುತ್ತದೆ. ಹದಿಮೂರನ್ನೂ ಒಂದೇ ಉದ್ದ ಸಾಲಾಗಿ ಹಾಸುವುದಲ್ಲದೆ ಬೇರೆ ದಾರಿಯಿಲ್ಲ. ಹೀಗೆ ಒಂದೇ ಸಾಲಿಗೆ ಮಾತ್ರ ಒಪ್ಪುವ ಸಂಖ್ಯೆ ಅವಿಭಾಜ್ಯ. ಆಯತಕ್ಕೆ ಒಗ್ಗುವುದು ಸಂಯುಕ್ತ. ಯಾವ ಸಂಯುಕ್ತ ಸಂಖ್ಯೆಯನ್ನಾಗಲಿ ಒಡೆಯುತ್ತ ಹೋದರೆ ಕೊನೆಗೆ ಒಡೆಯಲಾಗದ ಅವಿಭಾಜ್ಯಗಳು ಉಳಿಯುತ್ತವೆ. ಯಾವ ದಾರಿಯಿಂದ ಒಡೆದರೂ ಉಳಿಯುವ ತುಂಡುಗಳು ಅವೇ ಎಂಬುದು ಗಣಿತದ ಒಂದು ಮೂಲ ನಿಯಮ. ಯೂಕ್ಲಿಡನ ಕಾಲದಿಂದಲೂ ಇದರ ತಿರುಳು ತಿಳಿದಿದ್ದರೂ ಇದನ್ನು ಸ್ಪಷ್ಟವಾಗಿ ಹೇಳಿ ಸಾಧಿಸಿದವನು ಜರ್ಮನಿಯ ಗೌಸ್, 1801ರಲ್ಲಿ.

ಈಗ ನಮ್ಮ ಸಾಲನ್ನು ಒಡೆಯೋಣ. 12 ಎಂದರೆ 2 × 2 × 3. 123 ಎಂದರೆ 3 × 41. 1234 ಎಂದರೆ 2 × 617. 12345ರಲ್ಲಿ 3, 5 ಮತ್ತು 823 ಇವೆ. 123456ರಲ್ಲಿ ಎರಡು ಎಂಬುದು ಆರು ಸಲ ಬರುತ್ತದೆ, ಜೊತೆಗೆ ಒಂದು 3, ಒಂದು 643. 123456789ನ್ನು ಒಡೆದರೆ ಎರಡು ಮೂರುಗಳೂ ಅಣ್ಣತಮ್ಮಂದಿರಂತೆ ಕಾಣುವ 3607, 3803 ಎಂಬ ಎರಡು ಅವಿಭಾಜ್ಯಗಳೂ ದೊರೆಯುತ್ತವೆ. ಬರೆದಾಗ ಇಷ್ಟು ಶಿಸ್ತಾಗಿ ಮೆಟ್ಟಿಲೇರಿದಂತಿರುವ ಸಂಖ್ಯೆ ಒಳಗೆ ಇಷ್ಟು ಅಸ್ತವ್ಯಸ್ತ! ಹಿಂದಿನ ಸಂಖ್ಯೆಯ ತುಂಡುಗಳನ್ನು ನೋಡಿ ಮುಂದಿನದರ ತುಂಡುಗಳನ್ನು ಊಹಿಸುವ ಯಾವ ಸೂತ್ರವೂ ಇಲ್ಲ. ಬರಹದ ಕ್ರಮ ಬೇರೆ, ಸಂಖ್ಯೆಯ ಕುಲಗೋತ್ರ ಬೇರೆ.

ಹಾಗೆಂದು ಇಲ್ಲಿ ನಿಯಮವೇ ಇಲ್ಲವೆಂದಲ್ಲ. ಒಂದು ಸಂಖ್ಯೆಯ ಅಂಕೆಗಳ ಮೊತ್ತ ಮೂರರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆಂಬುದು ಶಾಲೆಯಲ್ಲಿ ಕಲಿತ ಮಾತು. ಇದನ್ನು ಹಿಡಿದು ಲೆಕ್ಕ ಹಾಕಿದರೆ, ನಮ್ಮ ಸಾಲಿನ ಪ್ರತಿ ಮೂರು ಸಂಖ್ಯೆಗಳಲ್ಲಿ ಎರಡು ಮೂರರಿಂದ ಭಾಗವಾಗಲೇಬೇಕು. 1, 4, 7, 10, 13 ಎಂದು ಮೂರು ಮೂರು ಹೆಜ್ಜೆಗೊಮ್ಮೆ ನಿಲ್ಲುವವು ಮಾತ್ರ ಪಾರಾಗುತ್ತವೆ. ಅವುಗಳಲ್ಲಿಯೂ ಸಮಸಂಖ್ಯೆಯಲ್ಲಿ ಮುಗಿಯುವವು ಎರಡಕ್ಕೆ ಬಲಿ, ಐದರಲ್ಲಿ ಮುಗಿಯುವವು ಐದಕ್ಕೆ ಬಲಿ. ಹೀಗೆ ಸೋಸಿದರೆ ಪ್ರತಿ ಮೂವತ್ತಕ್ಕೆ ನಾಲ್ಕೇ ನಾಲ್ಕು ಅಭ್ಯರ್ಥಿಗಳು ಉಳಿಯುತ್ತವೆ: 1, 7, 13, 19, ಮುಂದೆ 31, 37, 43, 49, ಇತ್ಯಾದಿ. ಏಳರ ವರೆಗಿನ 1234567 ನೋಡಲು ಗಟ್ಟಿಯಾಗಿ ಕಂಡರೂ 127 × 9721 ಎಂದು ಒಡೆಯುತ್ತದೆ. ಹದಿಮೂರರ ವರೆಗಿನದು 113ಕ್ಕೆ ಸೋಲುತ್ತದೆ. ಇದರ ನಡುವೆ ಒಂದು ತಮಾಷೆಯುಂಟು. 1234567891 ಎಂಬ ಸಂಖ್ಯೆ ಅವಿಭಾಜ್ಯ. ಆದರೆ ಅದು ನಮ್ಮ ಸಾಲಿಗೆ ಸೇರಿದ್ದಲ್ಲ. ಹತ್ತನ್ನು ಬರೆಯಹೊರಟವನು ಸೊನ್ನೆಯನ್ನು ಮರೆತಂತೆ ಅರ್ಧಕ್ಕೇ ನಿಂತದ್ದು. ಸೊನ್ನೆಯನ್ನು ಬರೆದೊಡನೆ ಅದು ಹತ್ತರ ಗುಣಕವಾಗಿಬಿಡುತ್ತದೆ.

ದೊಡ್ಡ ಸಂಖ್ಯೆಯನ್ನು ಕೈಲೆಕ್ಕದಲ್ಲಿ ಒಡೆಯುವ ಒಂದು ಉಪಾಯವನ್ನು ಇಲ್ಲಿ ಹೇಳಬೇಕು. 7, 11, 13 ಈ ಮೂರನ್ನು ಗುಣಿಸಿದರೆ 1001 ಬರುತ್ತದೆ. ಆದುದರಿಂದ ಯಾವುದೇ ಸಂಖ್ಯೆಯನ್ನು ಬಲಗಡೆಯಿಂದ ಮೂರು ಮೂರು ಅಂಕೆಗಳಾಗಿ ವಿಂಗಡಿಸಿ, ಒಂದನ್ನು ಕೂಡಿ ಇನ್ನೊಂದನ್ನು ಕಳೆಯುತ್ತ ಹೋದರೆ ಉಳಿಯುವ ಚಿಕ್ಕ ಸಂಖ್ಯೆಯೇ ಈ ಮೂರರ ಭಾಗಾಕಾರವನ್ನು ಹೇಳಿಬಿಡುತ್ತದೆ. ಹನ್ನೊಂದರ ವರೆಗಿನ 1234567891011ನ್ನು ತೆಗೆದುಕೊಳ್ಳಿರಿ. ವಿಂಗಡಿಸಿದರೆ 1, 234, 567, 891, 011. ಬಲದಿಂದ 11ರಲ್ಲಿ 891ನ್ನು ಕಳೆದು, 567ನ್ನು ಕೂಡಿ, 234ನ್ನು ಕಳೆದು, 1ನ್ನು ಕೂಡಿದರೆ ಋಣ 546. ಈ 546 ಎಂದರೆ 91ರ ಆರರಷ್ಟು. 91 ಎಂದರೆ 7 × 13. ಅಲ್ಲಿಗೆ ಹದಿಮೂರು ಅಂಕೆಗಳ ಆ ಸಂಖ್ಯೆ ಏಳರಿಂದಲೂ ಹದಿಮೂರರಿಂದಲೂ ಭಾಗವಾಗುತ್ತದೆ, ಹನ್ನೊಂದರಿಂದ ಆಗುವುದಿಲ್ಲ ಎಂಬುದು ಎರಡು ನಿಮಿಷದಲ್ಲಿ ಗೊತ್ತಾಯಿತು. ಪೂರ್ತಿ ಒಡೆದರೆ 3, 7, 13, 67, 107, 630803.

ಈ 91 ಎಂಬ ಗುಣಕವನ್ನು ಕಂಡಾಗ ನನ್ನ ಮನಸ್ಸು ಸಾವಿರದ ಇನ್ನೂರು ವರ್ಷಗಳಷ್ಟು ಹಿಂದಕ್ಕೆ, ಕಲಬುರಗಿಯಿಂದ ಸೇಡಮ್ಮಿನ ಹಾದಿಯಲ್ಲಿ ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡಕ್ಕೆ ಹೋಗುತ್ತದೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಹೆಸರನ್ನು ಕೇಳಿದೊಡನೆ ಸಾಹಿತ್ಯಾಭಿಮಾನಿಗಳಿಗೆ ಕವಿರಾಜಮಾರ್ಗ ನೆನಪಾಗುತ್ತದೆ, ಆಗಲೇಬೇಕು. ಆದರೆ ಅದೇ ರಾಜನ ಸ್ತುತಿಯನ್ನು ತನ್ನ ಆರಂಭದಲ್ಲಿ ಹೊತ್ತಿರುವ ಇನ್ನೊಂದು ಗ್ರಂಥವಿದೆ, ಅದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅದು ಮಹಾವೀರಾಚಾರ್ಯನ ಗಣಿತಸಾರಸಂಗ್ರಹ, ಒಂಬತ್ತನೆಯ ಶತಮಾನದ ನಡುವಿನದು, ಸಂಸ್ಕೃತ ಪದ್ಯಗಳಲ್ಲಿದೆ. ಒಂಬತ್ತು ಅಧ್ಯಾಯ, ಸಾವಿರಕ್ಕೂ ಮಿಕ್ಕ ಶ್ಲೋಕ. ಸಂಖ್ಯಾಸ್ಥಾನಗಳಿಗೆ ಏಕದಿಂದ ಮಹಾಕ್ಷೋಭದ ವರೆಗೆ ಇಪ್ಪತ್ತನಾಲ್ಕು ಹೆಸರುಗಳನ್ನು ಕೊಟ್ಟವನು ಇವನು. ಭಿನ್ನರಾಶಿಗಳನ್ನು ಕೂಡುವಾಗ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಬಳಸುವ ಕ್ರಮವನ್ನು ಹೇಳಿಕೊಟ್ಟವನು ಇವನು.

ಈ ಗ್ರಂಥದಲ್ಲಿ ಗುಣಾಕಾರವನ್ನು ಕಲಿಸುವ ಭಾಗದಲ್ಲಿ ಕೆಲವು ಲೆಕ್ಕಗಳಿವೆ. ಇಂಥದನ್ನು ಇಂಥದರಿಂದ ಗುಣಿಸು, ಬರುವುದು ಕೊರಳಿನ ಆಭರಣ, ಅರಸನಿಗೆ ತಕ್ಕ ಹಾರ ಎಂಬ ಧಾಟಿಯ ಮಾತು. ಗುಣಿಸಿ ನೋಡಿದರೆ ನಿಜಕ್ಕೂ ಹಾರವೇ! 139ನ್ನು 109ರಿಂದ ಗುಣಿಸಿದರೆ 15151. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸರ, 11111111. 142857143ನ್ನು 7ರಿಂದ ಗುಣಿಸಿದರೆ ಎರಡು ತುದಿಗೆ ಒಂದೊಂದು, ನಡುವೆ ಎಂಟು ಸೊನ್ನೆ. 11011011ನ್ನು 91ರಿಂದ ಗುಣಿಸಿದರೆ 1002002001. ಮೇಲೆ ನಾವು ಕಂಡ 91 ಇದೇ. ನಮ್ಮ ಈ ಹೊತ್ತಿನ ವಿಷಯಕ್ಕೆ ತೀರ ಹತ್ತಿರವಾದದ್ದು ಇನ್ನೊಂದು: 27994681ನ್ನು 441ರಿಂದ ಗುಣಿಸಿದರೆ 12345654321. ಇದನ್ನು ಆಚಾರ್ಯ ವರ್ಣಿಸುವುದು ಒಂದರಿಂದ ತೊಡಗಿ ಆರರ ವರೆಗೆ ಏರಿ ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆಯೆಂದು. ಅನುಕ್ರಮ ಸಂಖ್ಯೆಗಳನ್ನು ಒತ್ತಾಗಿ ಬರೆದು, ಅದನ್ನು ಎರಡು ಅಪವರ್ತನಗಳಾಗಿ ಒಡೆದು ತೋರಿಸಿದ ಉದಾಹರಣೆ ಹೀಗೆ ನಮ್ಮ ಜಿಲ್ಲೆಯ ರಾಜಧಾನಿಯ ಕಾಲದ್ದು.

ಇಲ್ಲಿ ಒಂದು ಮಾತನ್ನು ಸಾಹಿತ್ಯದ ಓದುಗರಿಗಾಗಿ ಸೇರಿಸುತ್ತೇನೆ. ಆ ಕಾಲದ ಗಣಿತಗ್ರಂಥಗಳು ಪದ್ಯದಲ್ಲಿದ್ದುದರಿಂದ ಸಂಖ್ಯೆಗಳನ್ನು ಅಂಕೆಯಲ್ಲಿ ಬರೆಯದೆ ಪದಗಳಲ್ಲಿ ಹೇಳುತ್ತಿದ್ದರು. ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು, ಆಕಾಶವೆಂದರೆ ಸೊನ್ನೆ. ಹೀಗೆ ಹೇಳುವಾಗ ಬಿಡಿಸ್ಥಾನದಿಂದ ತೊಡಗಿ ಎಡಕ್ಕೆ ನಡೆಯುವುದು ವಾಡಿಕೆ. ಕಿವಿಗೆ ಬೀಳುವ ಕ್ರಮ ಒಂದು, ಕಣ್ಣಿಗೆ ಕಾಣುವ ಕ್ರಮ ಅದರ ತಿರುಗುಮುರುಗು. ಹಾರದಂಥ ಸಂಖ್ಯೆಯಲ್ಲಿ ಮಾತ್ರ ಈ ಎರಡು ಕ್ರಮಗಳ ಜಗಳವಿಲ್ಲ, ಹೇಳಿದಂತೆಯೇ ಬರೆಯಬಹುದು. ಕಿವಿಯಿಂದ ಕಲಿಯುತ್ತಿದ್ದ ಶಿಷ್ಯನಿಗೆ ಉತ್ತರ ಸರಿಯೋ ತಪ್ಪೋ ಎಂಬುದನ್ನು ಅದರ ರೂಪವೇ ಸಾರುತ್ತಿತ್ತು. ಹಾರದ ಒಂದು ಮಣಿ ತಪ್ಪಿದರೂ ಕಾಣುತ್ತದೆ. ಆದುದರಿಂದ ಇವು ಬರಿಯ ವಿನೋದವೆನ್ನುವವರ ಮಾತನ್ನು ನಾನು ಒಪ್ಪಲಾರೆ. ಒಳ್ಳೆಯ ಉಪಾಧ್ಯಾಯನೊಬ್ಬನ ಯುಕ್ತಿ ಇಲ್ಲಿದೆ.

ಆದರೆ ಇನ್ನೂ ಮುಖ್ಯವಾದ ಪ್ರಶ್ನೆ: ಈ ಗುಣಕಗಳು ಅವನಿಗೆ ಎಲ್ಲಿಂದ ಬಂದವು? ಗುಣಿಸುವವನಿಗೆ ಲೆಕ್ಕ ಸುಲಭ. ಲೆಕ್ಕವನ್ನು ಕಟ್ಟುವವನು ಹಾರವನ್ನು ಮೊದಲು ಎದುರಿಗಿಟ್ಟುಕೊಂಡು ಅದನ್ನು ಒಡೆಯಬೇಕಲ್ಲವೆ? ಎಂಟು ಒಂದುಗಳ ಸರವನ್ನು ನೋಡಿರಿ. ಅದು 1111 ಮತ್ತು 10001 ಇವುಗಳ ಗುಣಲಬ್ಧವೆಂಬುದು ಬರೆದು ನೋಡಿದರೆ ಹೊಳೆಯುತ್ತದೆ. 1111 ಎಂದರೆ 11 × 101. ಆದರೆ 10001? ಅದು ತಾನಾಗಿ ಒಡೆಯುವಂಥದಲ್ಲ. 3, 7, 11, 13 ಎಂದು ಒಂದೊಂದಾಗಿ ಭಾಗಿಸುತ್ತ ಹೋದವನಿಗೆ 73ನ್ನು ಮುಟ್ಟುವ ವರೆಗೂ ಶೇಷ ಉಳಿಯುತ್ತಲೇ ಇರುತ್ತದೆ. 73ಕ್ಕೆ ಬಂದಾಗ ಭಾಗಲಬ್ಧ 137, ಶೇಷ ಸೊನ್ನೆ. ಮಹಾವೀರನ ಲೆಕ್ಕದಲ್ಲಿ ಗುಣಕ 73 ಎಂದಿರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. 15151ರ ವಿಷಯವೂ ಹಾಗೆಯೇ. 139, 109 ಎರಡೂ ಅವಿಭಾಜ್ಯಗಳು. ಹಾರದ ಕಡೆಯಿಂದ ಹೊರಟವನು ಇಪ್ಪತ್ತೆಂಟು ಅವಿಭಾಜ್ಯಗಳಲ್ಲಿ ಸೋತು ಇಪ್ಪತ್ತೊಂಬತ್ತನೆಯದಾದ 109ರಲ್ಲಿ ಗೆಲ್ಲಬೇಕು. ಗ್ರಂಥದಲ್ಲಿರುವುದು ಲೆಕ್ಕ ಮಾತ್ರ, ಲೆಕ್ಕ ಹುಟ್ಟಿದ ಬಗೆಯಲ್ಲ. ಅದನ್ನು ನಾವು ಗುಣಕಗಳನ್ನು ನೋಡಿಯೇ ಊಹಿಸಬೇಕು.

12345654321ರಲ್ಲಿ ಇನ್ನೊಂದು ಗುಟ್ಟು ಅಡಗಿದೆ. ಆರು ಒಂದುಗಳನ್ನು ಬರೆದು, 111111ನ್ನು ಅದರಿಂದಲೇ ಗುಣಿಸಿರಿ. ಶಾಲೆಯ ಕ್ರಮದಲ್ಲಿ ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಆರು ಸಾಲು ಬರೆದು ಕೂಡಿದರೆ, ಬಲತುದಿಯ ಕಂಬಸಾಲಿನಲ್ಲಿ ಒಂದೇ ಒಂದು, ಮುಂದಿನದರಲ್ಲಿ ಎರಡು, ಹೀಗೆ ಆರರ ವರೆಗೆ ಏರಿ ಮತ್ತೆ ಇಳಿಯುತ್ತದೆ. ಅಂದರೆ ಈ ಹಾರ 111111ರ ವರ್ಗ. ಆ 111111 ಎಂದರೆ 111 × 1001. ಒಡೆದರೆ 3, 37, 7, 11, 13. ಇವುಗಳಲ್ಲಿ 3ನ್ನೂ 7ನ್ನೂ ಒಂದು ಕಡೆ ತೆಗೆದರೆ 21, ಉಳಿದವುಗಳ ಗುಣಲಬ್ಧ 5291. 21ರ ವರ್ಗ 441. 5291ರ ವರ್ಗ 27994681. ಆಚಾರ್ಯ ಕೊಟ್ಟ ಎರಡು ಸಂಖ್ಯೆಗಳು ಇವೇ! ವರ್ಗವನ್ನು ವರ್ಗವೆಂದು ಹೇಳದೆ, ಅದನ್ನು ಎರಡು ಚಿಕ್ಕ ವರ್ಗಗಳಾಗಿ ಸೀಳಿ, ಗುಣಾಕಾರದ ಲೆಕ್ಕದ ವೇಷ ತೊಡಿಸಿದ್ದಾನೆ. ಇನ್ನೊಂದು ಹಾರ 12345679ನ್ನು 9ರಿಂದ ಗುಣಿಸಿದಾಗ ಬರುವ ಒಂಬತ್ತು ಒಂದುಗಳದು. ಗುಣ್ಯದಲ್ಲಿ ಎಂಟು ಎಂಬ ಅಂಕೆ ನಾಪತ್ತೆಯಾಗಿರುವುದನ್ನು ಗಮನಿಸಿರಿ. ಒಂದನ್ನು 81ರಿಂದ ಭಾಗಿಸಿದರೆ ದಶಾಂಶಸ್ಥಾನದಲ್ಲಿ ಇದೇ 012345679 ಎಂಬುದು ಕೊನೆಯಿಲ್ಲದೆ ಮರಳಿ ಮರಳಿ ಬರುತ್ತದೆ.

ನಮ್ಮ ನಾಡಿನ ಹಿರಿಯನೆಂದು ಅವನಿಗೆ ಎಲ್ಲವೂ ಗೊತ್ತಿತ್ತೆಂದು ಹೇಳುವ ಚಪಲ ನನಗಿಲ್ಲ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಂದು ಅವನು ಬರೆದಿದ್ದಾನೆ, ಅದು ತಪ್ಪು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಬರೆದಿದ್ದಾನೆ; ಅಂದಿನ ಮಟ್ಟಿಗೆ ಅದು ಚೊಕ್ಕವಾದ ಮಾತು. ಎರಡನ್ನೂ ಹೇಳಿದಾಗಲೇ 27994681ರ ಬೆಲೆ ಸರಿಯಾಗಿ ತಿಳಿಯುವುದು.

ಏರಿ ಇಳಿಯುವ ಈ ಹಾರಗಳಿಗೆ ನಮ್ಮ ಕಾಲದಲ್ಲಿ ಇನ್ನೊಂದು ಹೆಸರು ಬಂದಿದೆ, ಡೆಮ್ಲೋ ಸಂಖ್ಯೆಗಳೆಂದು. ಹೆಸರಿಟ್ಟವರು ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಉಪಾಧ್ಯಾಯರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರು. 1905ರಲ್ಲಿ ಹುಟ್ಟಿ 1986ರಲ್ಲಿ ತೀರಿಕೊಂಡ ಇವರನ್ನು 6174 ಎಂಬ ಸಂಖ್ಯೆಯ ಮೂಲಕ ಜಗತ್ತು ಬಲ್ಲದು. ಮುಂಬಯಿಯ ಬಳಿ, ಇಂದಿನ ಡೊಂಬಿವಲಿ ನಿಲ್ದಾಣದಲ್ಲಿ ಈ ಸಂಖ್ಯೆಗಳ ವಿಚಾರ ಹೊಳೆದುದರಿಂದ ಅದರ ಹೆಸರನ್ನೇ ಇಟ್ಟರು. ಹಿಂದಿನ ಜಿ.ಐ.ಪಿ. ರೈಲುಮಾರ್ಗದ ನಿಲ್ದಾಣವದು. ಅದೇ ಕಂಪನಿಯ ಹಳಿ ಸೊಲ್ಲಾಪುರವನ್ನು ದಾಟಿ ಕಲಬುರಗಿ, ಶಹಾಬಾದ, ವಾಡಿಗಳ ಮೇಲೆ ರಾಯಚೂರಿಗೆ ಹೋಗುತ್ತದೆ. ಮಾನ್ಯಖೇಟದ ಹಾರ ಒಂದು ಸಾವಿರ ವರ್ಷ ಕಳೆದು ಅದೇ ಹಳಿಯ ಇನ್ನೊಂದು ತುದಿಯಲ್ಲಿ ಮತ್ತೆ ಸಿಕ್ಕಿತೆನ್ನಬಹುದು. ಇದು ಕೇವಲ ಕಾಕತಾಳೀಯ. ಆದರೆ ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಒಂದರಿಂದ ಒಂಬತ್ತರ ವರೆಗೆ ಏರಿ ಇಳಿಯುವ ಹಾರಗಳೆಲ್ಲವೂ, 121, 12321, ಕೊನೆಗೆ 12345678987654321ರ ವರೆಗೆ, ವರ್ಗಗಳು. ವರ್ಗವೆಂದ ಮೇಲೆ ಅದು ಅವಿಭಾಜ್ಯವಾಗುವ ಮಾತೇ ಇಲ್ಲ. ಹತ್ತು ಒಂದುಗಳನ್ನು ವರ್ಗಮಾಡಿದರೆ ಕಂಬಸಾಲಿನಲ್ಲಿ ಹತ್ತು ಬಂದು, ದಶಕ ಪಕ್ಕಕ್ಕೆ ಹೋಗಿ ಹಾರ ಕೆಡುತ್ತದೆ: 1234567900987654321. ಹಾಗಲ್ಲದೆ ನಾವು ದಶಕ ಕೊಂಡೊಯ್ಯದೆ, ಹತ್ತನ್ನು ಹತ್ತೆಂದೇ ನಡುವೆ ಪೋಣಿಸಿ, ಒಂಬತ್ತಕ್ಕೆ ಇಳಿದು ಒಂದಕ್ಕೆ ಮುಗಿಸಿದರೆ 12345678910987654321 ಎಂಬ ಇಪ್ಪತ್ತು ಅಂಕೆಗಳ ಸಂಖ್ಯೆ ಬರುತ್ತದೆ. ಕಟ್ಟುನಿಟ್ಟಾಗಿ ನೋಡಿದರೆ ಇದು ಹಾರವಲ್ಲ; ನಡುವಿನ ಹತ್ತನ್ನು ಹಿಂದುಮುಂದಾಗಿ ಓದಿದರೆ ಸೊನ್ನೆ ಒಂದು ಆಗುತ್ತದೆ. ಈ ಪದಕವೊಂದು ಓರೆಯಾಯಿತು, ವರ್ಗದ ಕಟ್ಟು ಬಿಚ್ಚಿತು. ಬಿಚ್ಚಿದ್ದೇ ತಡ, ಆ ಸಂಖ್ಯೆ ಅವಿಭಾಜ್ಯವಾಗಿ ನಿಂತಿತು! ಒಂಬತ್ತರ ವರೆಗೆ ಪೂರ್ಣ ವರ್ಗ, ಹತ್ತಕ್ಕೆ ಬಂದೊಡನೆ ಒಂದು ಅಪವರ್ತನವೂ ಇಲ್ಲದ ಒಂಟಿ. ಈ ಬಗೆಯ ಮುಂದಿನ ಸಂಖ್ಯೆಗಾಗಿ ಹುಡುಕಿದವರು 2446ರ ವರೆಗೆ ಏರಿ ಇಳಿಯಬೇಕಾಯಿತು. ಅದರಲ್ಲಿ 17350 ಅಂಕೆಗಳಿವೆ. ಅವಿಭಾಜ್ಯತೆಯ ಪರೀಕ್ಷೆಗಳಲ್ಲಿ ಅದು ತೇರ್ಗಡೆಯಾಗಿದೆ.

ಇನ್ನು ನಾವು ತೊಡಗಿದ ಸಾಲಿಗೆ, ಇಳಿಯದೆ ಏರುತ್ತಲೇ ಹೋಗುವ 1, 12, 123ಕ್ಕೆ ಬರೋಣ. ಇದರಲ್ಲಿ ಎಲ್ಲಿಯಾದರೂ ಒಂದು ಅವಿಭಾಜ್ಯವಿದೆಯೆ? ರುಮಾನಿಯದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಫ್ಲೊರೆಂಟಿನ್ ಸ್ಮರಂದಾಕೆಯ ಹೆಸರಿನಿಂದ ಈ ಸಾಲನ್ನು ಕರೆಯುವುದುಂಟು. ಗಣಕಯಂತ್ರಗಳ ನೆರವಿನಿಂದ ಆಸಕ್ತರು ಮೂರು ಲಕ್ಷವನ್ನು ದಾಟಿ ಬಹುದೂರ ಹೋಗಿ ನೋಡಿದ್ದಾರೆ. ಒಂದೂ ಸಿಕ್ಕಿಲ್ಲ. ತಿರುಗಿಸಿ ಬರೆದರೆ, ಅಂದರೆ ದೊಡ್ಡದರಿಂದ ಇಳಿಯುತ್ತ ಒಂದಕ್ಕೆ ಮುಗಿಸಿದರೆ, 82ರಿಂದ ಹೊರಟ 155 ಅಂಕೆಗಳ ಸಂಖ್ಯೆಯೇ ಅವಿಭಾಜ್ಯ. ಏರುವವನಿಗೆ ದೊರೆಯದ್ದು ಇಳಿಯುವವನಿಗೆ ದೊರೆತಿದೆ.

ಸಿಕ್ಕಿಲ್ಲವೆಂದರೆ ಇಲ್ಲವೆಂದು ಅರ್ಥವೆ? ಅಲ್ಲ. ಇಲ್ಲಿ ಒಂದು ಸ್ಥೂಲವಾದ ಅಂದಾಜು ನೆರವಿಗೆ ಬರುತ್ತದೆ. ಸಂಖ್ಯೆ ದೊಡ್ಡದಾದಂತೆ ಅದು ಅವಿಭಾಜ್ಯವಾಗುವ ಸಂಭವ ಕುಗ್ಗುತ್ತದೆ. ನೂರು ಅಂಕೆಗಳ ಸಂಖ್ಯೆಗಳಲ್ಲಿ ಸುಮಾರು 230ಕ್ಕೆ ಒಂದು, ಇನ್ನೂರು ಅಂಕೆಗಳವುಗಳಲ್ಲಿ 460ಕ್ಕೆ ಒಂದು. ನಮ್ಮ ಸಾಲಿನ ಸಂಖ್ಯೆಗಳೋ ಬಹುಬೇಗ ಉದ್ದವಾಗುತ್ತವೆ. ನೂರರ ವರೆಗೆ ಬರೆದರೆ 192 ಅಂಕೆ, ಹತ್ತು ಲಕ್ಷದ ವರೆಗೆ ಬರೆದರೆ ಐವತ್ತೆಂಟು ಲಕ್ಷಕ್ಕೂ ಮೇಲೆ. ಈ ಕುಗ್ಗುವ ಸಂಭವಗಳನ್ನೆಲ್ಲ ಕೂಡುತ್ತ ಹೋದರೆ ಮೊತ್ತ ಎಲ್ಲಿಯೂ ನಿಲ್ಲುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ಆದರೆ ಹುತ್ತ ಬೆಳೆದದ್ದಕ್ಕಿಂತ ನಿಧಾನವಾಗಿ. ಹತ್ತು ಲಕ್ಷದಿಂದ ಲಕ್ಷ ಕೋಟಿಯ ವರೆಗೆ ಹುಡುಕಿದರೂ ಈ ಅಂದಾಜಿನಂತೆ ನಿರೀಕ್ಷಿಸಬಹುದಾದ ಅವಿಭಾಜ್ಯಗಳು ಒಂದರ ಮೂರನೆಯ ಒಂದು ಪಾಲಿನಷ್ಟು ಮಾತ್ರ! ಕೊನೆಯಿಲ್ಲದಷ್ಟು ಇರಬೇಕು, ಆದರೆ ಒಂದನ್ನೂ ಕಾಣದೆ ನಮ್ಮ ಆಯುಷ್ಯ ಮುಗಿಯಬಹುದು. ಇದು ಅಂದಾಜೇ ಹೊರತು ಸಾಧನೆಯಲ್ಲ. ಸಾಧಿಸಿದವರು ಯಾರೂ ಇಲ್ಲ.

ಇದೇ ಸಾಲಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಮಾತ್ರ ಸಾಧಿಸಿದ್ದಾರೆ. ದಶಾಂಶ ಚಿಹ್ನೆಯ ಮುಂದೆ 123456789101112 ಎಂದು ಕೊನೆಯಿಲ್ಲದೆ ಬರೆದರೆ ಬರುವ ಸಂಖ್ಯೆಯಲ್ಲಿ ಪ್ರತಿ ಅಂಕೆಯೂ, ಪ್ರತಿ ಅಂಕೆಗುಂಪೂ ತನ್ನ ಸಮಪಾಲನ್ನು ಪಡೆಯುತ್ತದೆಂದು ಚಾಂಪರ್ನೌನ್ ಎಂಬ ಕೇಂಬ್ರಿಜ್ ವಿದ್ಯಾರ್ಥಿ 1933ರಲ್ಲಿ ತೋರಿಸಿದ.

ಇಷ್ಟೆಲ್ಲ ಹೇಳಿದ ಮೇಲೆ, ಇದರಿಂದ ಏನುಪಯೋಗವೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಗುಣಿಸುವುದಕ್ಕೂ ಒಡೆಯುವುದಕ್ಕೂ ಇರುವ ಅಂತರದಲ್ಲಿ ಇದರ ಉತ್ತರವಿದೆ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿಯವರು 1980ರ ಜೂನ್ 18ರಂದು ಲಂಡನ್ನಿನಲ್ಲಿ ಹದಿಮೂರು ಅಂಕೆಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡುಗಳಲ್ಲಿ ಉತ್ತರ ಹೇಳಿದರು. ಅಂಥ ಗುಣಲಬ್ಧವನ್ನು ಮಾತ್ರ ಕೊಟ್ಟು ಅದರ ಎರಡು ಅಪವರ್ತನಗಳನ್ನು ಕೇಳಿದ್ದರೆ ಎಷ್ಟೊಂದು ಕಷ್ಟವಾಗುತ್ತಿತ್ತೆಂದು ಯೋಚಿಸಿರಿ. ಇಪ್ಪತ್ತಾರು ಅಂಕೆಗಳನ್ನು ಇಂದಿನ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಒಡೆಯುತ್ತದೆ, ನಿಜ. ಆದರೆ ನೂರಾರು ಅಂಕೆಗಳಾದರೆ ಯಂತ್ರಕ್ಕೂ ಅದೇ ಗತಿ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಈ ಕಷ್ಟವನ್ನೇ ಬೀಗವನ್ನಾಗಿ ಮಾಡಿದರು. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ, ಗುಣಲಬ್ಧವನ್ನು ಊರಿಗೆಲ್ಲ ಸಾರಬಹುದು. ಅಪವರ್ತನಗಳನ್ನು ಬಲ್ಲವನೊಬ್ಬನೇ ಬೀಗ ತೆಗೆಯಬಲ್ಲ. ಈ ಬಗೆಯ 250 ಅಂಕೆಗಳ ಒಂದು ಸಂಖ್ಯೆಯನ್ನು ಒಡೆದದ್ದು 2020ರಲ್ಲಿ, ಅದೂ ಅನೇಕ ಯಂತ್ರಗಳು ಕೂಡಿ ದುಡಿದ ಮೇಲೆ. ಗಂಜಿನಲ್ಲಿ ತೊಗರಿ ಮಾರಿದವನ ಹಣ ಬ್ಯಾಂಕಿನಿಂದ ಬ್ಯಾಂಕಿಗೆ ಯಾರ ಕೈಗೂ ಸಿಗದೆ ಹೋಗುವಂತೆ ಕಾಯುವ ರಹಸ್ಯಲಿಪಿಗಳಲ್ಲಿ ಇದು ಮುಖ್ಯವಾದದ್ದು. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ತಿಳಿಯುವುದು ಮಾತ್ರ ಅಷ್ಟು ಕಷ್ಟವಲ್ಲ. ಅದಕ್ಕೆ ಸದಾ ನೆಚ್ಚಬಹುದಾದ, ತಕ್ಕಷ್ಟು ವೇಗದ ವಿಧಾನವೊಂದುಂಟೆಂದು 2002ರಲ್ಲಿ ಕಾನಪುರದ ಐ.ಐ.ಟಿ.ಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ತೋರಿಸಿಕೊಟ್ಟರು. ಆದುದರಿಂದಲೇ, ನಮ್ಮ ಸಾಲಿನ ಒಂದು ಸಂಖ್ಯೆ ಸಂಯುಕ್ತವೆಂದು ಖಚಿತವಾಗಿ ತಿಳಿದಿದ್ದೂ ಅದರ ಒಂದು ಅಪವರ್ತನವೂ ತಿಳಿಯದಿರುವ ವಿಚಿತ್ರ ಸ್ಥಿತಿ ಒದಗುವುದು. ಆಯತವಾಗುತ್ತದೆಂದು ಗೊತ್ತು, ಎಷ್ಟು ಸಾಲೆಂದು ಗೊತ್ತಿಲ್ಲ. ಒಡೆಯುವ ಹೊಸ ವಿಧಾನಗಳನ್ನು ಒರೆಗೆ ಹಚ್ಚಲು ಇಂಥ ನಿರುಪಯೋಗಿ ಸಂಖ್ಯೆಗಳೇ ಒಳ್ಳೆಯ ಕಲ್ಲು. ಯಾರೂ ಬೇಕೆಂದು ಸುಲಭ ಮಾಡಿಟ್ಟವಲ್ಲ, ಎಣಿಕೆಯೇ ಕಟ್ಟಿಕೊಟ್ಟವು.

ಮಹಾವೀರನ ಗ್ರಂಥದ ಕತೆಯನ್ನೂ ಎರಡು ಮಾತಿನಲ್ಲಿ ಹೇಳಬೇಕು. ಹನ್ನೊಂದನೆಯ ಶತಮಾನದಲ್ಲೇ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತವನ್ನು ಸ್ವತಂತ್ರವಾಗಿಯೇ ಬರೆದ. ಗಣಿತಸಾರಸಂಗ್ರಹಕ್ಕೆ ವಲ್ಲಭನೆಂಬವನ ಕನ್ನಡ ಟೀಕೆ ಹಸ್ತಪ್ರತಿಯಲ್ಲಿ ಉಳಿದಿತ್ತು. ಮದರಾಸಿನಲ್ಲಿ ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಕೂಡಿಸಿ, ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದ್ದು 1912ರಲ್ಲಿ. ಹಿಂದಿ ಅನುವಾದ ಸೊಲ್ಲಾಪುರದಿಂದ 1963ರಲ್ಲಿ ಬಂತು. ಕನ್ನಡ ಅನುವಾದ, ಪ್ರೊಫೆಸರ್ ಪದ್ಮಾವತಮ್ಮನವರದು, ಹೊಂಬುಜದಿಂದ ಹೊರಬಂದದ್ದು 2000ದಲ್ಲಿ. ನೃಪತುಂಗನ ಹೆಸರು ಹೊತ್ತ ಪುಸ್ತಕ ಅವನ ನಾಡಿನ ಭಾಷೆಗೆ ಬರಲು ಹಿಡಿದ ಕಾಲ ಇದು. ಆ ಅನುವಾದವನ್ನು ನಮ್ಮ ಪ್ರೌಢಶಾಲೆಗಳ ಕಪಾಟಿನಲ್ಲಿ ಕಾಣಬೇಕೆಂಬುದು ನನ್ನ ಆಸೆ. ವರ್ಗಗಳ ಪಾಠ ಮಾಡುವ ದಿನ 441ನ್ನೂ 27994681ನ್ನೂ ಹಲಗೆಯ ಮೇಲೆ ಬರೆದು ಮಕ್ಕಳಿಂದ ಗುಣಿಸಿಸಿದರೆ ಅರ್ಧ ಗಂಟೆಯೂ ಹಿಡಿಯುವುದಿಲ್ಲ.

ಅದೇ ಗ್ರಂಥದ ಒಂದು ಹಾರವನ್ನು ಮಾತ್ರ ನಾನು ಬೇಕೆಂದೇ ಬಿಡಿಸದೆ ಇಟ್ಟಿದ್ದೇನೆ. ಮೂರು ಎಂಬ ಅಂಕೆಯನ್ನು ಆರು ಸಲ ಬರೆಯಿರಿ, ಅದರ ಮುಂದೆ ಆರನ್ನು ಐದು ಸಲ, ಕೊನೆಗೆ ಒಂದು ಏಳು: 333333666667. ಇದನ್ನು 33ರಿಂದ ಗುಣಿಸಿ ನೋಡಿರಿ.